ಊರಿನ ಹೆಸರಲ್ಲಿ ಊರಿನ ಚರಿತ್ರೆ

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟ ರೈಲಿನ ಕಿಟಕಿಯ ಬಳಿ ಕುಳಿತವರು ನಿಲ್ದಾಣಗಳ ಹಳದಿ ಫಲಕಗಳನ್ನು ಓದುತ್ತ ಹೋಗಲಿ. ಮರತೂರ, ಶಹಾಬಾದ್, ವಾಡಿ. ವಾಡಿಯಲ್ಲಿ ಹಳಿ ಕವಲೊಡೆಯುತ್ತದೆ. ಒಂದು ರಾಯಚೂರಿನ ಕಡೆಗೆ, ಇನ್ನೊಂದು ಸಿಕಂದರಾಬಾದಿನ ಕಡೆಗೆ. ಎರಡನೆಯದನ್ನು ಹಿಡಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟಾ ಸಿಗುತ್ತವೆ. ಎರಡು ಗಂಟೆಯೂ ಹಿಡಿಯದ ಈ ದಾರಿಯಲ್ಲಿ ಕನ್ನಡ, ಮರಾಠಿ, ಪಾರಸಿ, ಸಂಸ್ಕೃತ, ತೆಲುಗು ಎಲ್ಲವೂ ಫಲಕದ ಮೇಲೆ ಬಂದು ಹೋಗುತ್ತವೆ. ದಿನವೂ ಓಡಾಡುವವರಿಗೆ ಇವು ಬರೀ ಹೆಸರುಗಳು. ನಿಂತು ಕೇಳುವವರಿಗೆ ಎರಡು ಸಾವಿರ ವರ್ಷಗಳ ದಾಖಲೆ.

ಶಹಾಬಾದಿಗೆ ಹೊಂದಿಕೊಂಡಿರುವ ಭಂಕೂರವನ್ನೇ ತೆಗೆದುಕೊಳ್ಳೋಣ. ಹಿಂದೆ ಚಿತ್ತಾಪುರ ತಾಲ್ಲೂಕಿನಲ್ಲಿದ್ದು, ಈಗ ಶಹಾಬಾದ್ ತಾಲ್ಲೂಕಿಗೆ ಸೇರಿರುವ ಗ್ರಾಮ. ಸುತ್ತ ಕಲ್ಲಿನ ಗಣಿಗಳು, ಮಗ್ಗುಲಲ್ಲಿ ಮುಂಬೈ–ಚೆನ್ನೈ ರೈಲು ಮಾರ್ಗ. ಭಂಕೂರ ಎಂದರೆ ಏನು? ಯಾರು ಇಟ್ಟ ಹೆಸರು? ಎಷ್ಟು ಹಳೆಯದು? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿದ್ಯೆಯೊಂದುಂಟು. ಅದಕ್ಕೆ ಸ್ಥಳನಾಮ ಅಧ್ಯಯನ ಎಂದು ಹೆಸರು. ಕನ್ನಡದಲ್ಲಿ ಈ ದಿಕ್ಕಿನಲ್ಲಿ ಮೊದಲು ದಾರಿ ಮಾಡಿದವರಲ್ಲಿ ಶಂ.ಬಾ. ಜೋಶಿಯವರು ಮುಖ್ಯರು. ಅವರ ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಪುಸ್ತಕದ ಹೆಸರೇ ಅವರ ವಾದವನ್ನು ಹೇಳುತ್ತದೆ. ಅರಸರು ಬರೆಸಿದ ಶಾಸನಗಳಲ್ಲಿ ಸಿಗದ ಸಂಗತಿಗಳು ಜನರ ಬಾಯಲ್ಲಿ ಉಳಿದ ಎಡೆಗಳ ಹೆಸರುಗಳಲ್ಲಿ ಸಿಗುತ್ತವೆ ಎಂಬುದೇ ಆ ವಾದ.

ತಲೆ ಮತ್ತು ಬಾಲ

ಬಹುಪಾಲು ಊರಿನ ಹೆಸರುಗಳಲ್ಲಿ ಎರಡು ಭಾಗಗಳಿರುತ್ತವೆ. ಹಿಂದಿನ ಭಾಗ ಅದು ಎಂಥ ನೆಲೆ ಎಂಬುದನ್ನು ಹೇಳುತ್ತದೆ: ಊರು, ಹಳ್ಳಿ, ಪುರ, ಕೆರೆ, ಕುಂಟೆ, ವಾಡಿ, ಆಬಾದ್. ಮುಂದಿನ ಭಾಗ ಅದು ಯಾವ ಊರು, ಯಾರ ಹಳ್ಳಿ ಎಂಬುದನ್ನು ಹೇಳುತ್ತದೆ. ಗಿಡ, ಪ್ರಾಣಿ, ನೀರು, ಮಣ್ಣಿನ ಬಣ್ಣ, ದೇವರು, ಅರಸ, ಕುಲ ಇವುಗಳಲ್ಲಿ ಯಾವುದಾದರೂ ಇರಬಹುದು. ಹಿಂದಿನ ಭಾಗವನ್ನು ಗುರುತಿಸುವುದು ಸುಲಭ. ಮುಂದಿನದು ಕಷ್ಟ. ಏಕೆಂದರೆ ಸಾವಿರ ವರ್ಷ ಜನರ ನಾಲಿಗೆಯ ಮೇಲೆ ಉರುಳಿದ ಮಾತು ಸವೆದಿರುತ್ತದೆ, ಕೆಲವೊಮ್ಮೆ ಬೇರೆ ಮಾತಿನ ವೇಷವನ್ನೇ ಹಾಕಿಕೊಂಡಿರುತ್ತದೆ.

ಭಂಕೂರದ ಹಿಂದಿನ ಭಾಗ ‘ಊರು’. ಬೆಂಗಳೂರು, ಮೈಸೂರು, ತುಮಕೂರುಗಳಲ್ಲಿರುವ ಊರು ಇದೇ. ದಕ್ಷಿಣದವರು ಕೊನೆಯ ಉಕಾರವನ್ನು ಉಳಿಸಿಕೊಂಡರು. ಉತ್ತರದವರು ಅದನ್ನು ಬಿಟ್ಟು ಭಂಕೂರ, ಮರತೂರ, ರಾವೂರ ಎನ್ನುತ್ತಾರೆ. ಊರು ಎಂಬುದು ತಮಿಳು, ಮಲಯಾಳ, ತೆಲುಗುಗಳಿಗೂ ಸಮಾನವಾದ ಹಳೆಯ ದ್ರಾವಿಡ ಮಾತು. ಆದ್ದರಿಂದ ಮಗ್ಗುಲಿನ ಶಹಾಬಾದ್ ಪಾರಸಿ ಹೆಸರು ಹೊತ್ತಿದ್ದರೂ, ತುಸು ದೂರದ ವಾಡಿ ಮರಾಠಿಯಲ್ಲಿ ಬಲು ಬಳಕೆಯ ಮಾತನ್ನು ಹೊತ್ತಿದ್ದರೂ, ಭಂಕೂರಕ್ಕೆ ಹೆಸರಿಟ್ಟವರು ‘ಊರು’ ಎಂದು ಆಡುತ್ತಿದ್ದ ಜನ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಮುಂದಿನ ಭಾಗಕ್ಕೆ ಬಂದಾಗ ಒಂದು ಆಸೆ ಹುಟ್ಟುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇಲ್ಲಿಂದ ದೂರವೇನಲ್ಲ. ಅಮೋಘವರ್ಷ ನೃಪತುಂಗನ ನೆಚ್ಚಿನ ಸೇನಾನಿ ಬಂಕೆಯ, ಅಥವಾ ಬಂಕೇಶ. ಹಾಗಾದರೆ ಬಂಕೇಶನ ಊರೇ ಭಂಕೂರವಾಗಿರಬಾರದೇಕೆ? ಕೇಳಲು ಚೆನ್ನಾಗಿದೆ. ಹಾವೇರಿ ಜಿಲ್ಲೆಯ ಬಂಕಾಪುರದ ಉದಾಹರಣೆಯೂ ಕಣ್ಣ ಮುಂದಿದೆ. ಆದರೆ ಬಂಕಾಪುರದ ವಿಷಯ ಬೇರೆ. ಬಂಕೆಯನ ಮಗ ಲೋಕಾದಿತ್ಯ ಆ ಪಟ್ಟಣದಲ್ಲಿ ಆಳುತ್ತಿದ್ದುದನ್ನೂ, ಅದಕ್ಕೆ ತಂದೆಯ ಹೆಸರು ಬಂದುದನ್ನೂ ಒಂಬತ್ತನೆಯ ಶತಮಾನದ ಕೊನೆಯಲ್ಲಿ ಮುಗಿದ ಗುಣಭದ್ರಾಚಾರ್ಯರ ‘ಉತ್ತರಪುರಾಣ’ದ ಪ್ರಶಸ್ತಿ ಹೇಳುತ್ತದೆ. ಅಲ್ಲಿ ಲಿಖಿತ ಸಾಕ್ಷಿ ಇದೆ. ಭಂಕೂರಕ್ಕೆ ಕೇವಲ ನಾದದ ಹೋಲಿಕೆ ಇದೆ. ನಾದದ ಹೋಲಿಕೆ ಒಂದೇ ಸಾಲದು. ಹಳೆಯ ಶಾಸನದಲ್ಲಿ ಹೆಸರಿನ ಪೂರ್ವರೂಪ ಕಂಡಾಗ ಮಾತ್ರ ಊಹೆ ಚರಿತ್ರೆಯಾಗುತ್ತದೆ.

ಈ ಎಚ್ಚರ ಏಕೆ ಬೇಕು ಎಂಬುದಕ್ಕೆ ನಾಡಿಗೆಲ್ಲ ಗೊತ್ತಿರುವ ಉದಾಹರಣೆ ಬೆಂಗಳೂರು. ಹೊಯ್ಸಳ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿ ಬಂದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಆದರೆ ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅರಸ ಹುಟ್ಟುವ ಮೊದಲೇ ಊರಿಗೆ ಹೆಸರಿತ್ತು. ಕಥೆ ಹೆಸರಿನಿಂದ ಹುಟ್ಟಿತೇ ಹೊರತು ಹೆಸರು ಕಥೆಯಿಂದ ಹುಟ್ಟಲಿಲ್ಲ. ಸ್ಥಳಪುರಾಣಕ್ಕೂ ಸ್ಥಳನಾಮದ ಚರಿತ್ರೆಗೂ ಇರುವ ಅಂತರ ಇದು. ಪುರಾಣ ಸುಳ್ಳೆಂದು ಎಸೆಯಬೇಕಿಲ್ಲ. ಜನ ತಮ್ಮ ಊರನ್ನು ಹೇಗೆ ಭಾವಿಸಿಕೊಂಡರು ಎಂಬುದಕ್ಕೆ ಅದೂ ಸಾಕ್ಷಿಯೇ. ಆದರೆ ಹೆಸರು ಹೇಗೆ ಬಂತು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಕಾಗಿಣಾ ತೀರದ ಸಾಕ್ಷಿಗಳು

ಸೇಡಂ–ಚಿತ್ತಾಪುರ ಸೀಮೆಯ ಅದೃಷ್ಟವೆಂದರೆ ಇಲ್ಲಿ ಲಿಖಿತ ಸಾಕ್ಷಿಗಳಿಗೆ ಬರವಿಲ್ಲ. ಮೊದಲಿಗೆ ಮಳಖೇಡ. ಕಾಗಿಣಾ ನದಿಯ ದಂಡೆಯ ಈ ಊರು ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ದಖ್ಖನಿನ ರಾಜಧಾನಿ. ಶಾಸನಗಳಲ್ಲಿ ಇದರ ಹೆಸರು ಮಾನ್ಯಖೇಟ. ಖೇಟ ಎಂದರೆ ಸಣ್ಣ ಪಟ್ಟಣ ಅಥವಾ ಹಳ್ಳಿ. ಮರಾಠಿಯಲ್ಲಿ ಹಳ್ಳಿಗೆ ‘ಖೇಡೆ’ ಎನ್ನುವುದೂ ಇದೇ ಮೂಲದ ಮಾತು. ಪ್ರಾಕೃತದಲ್ಲಿ ಮಾನ್ಯಖೇಟ ‘ಮಣ್ಣಖೇಡ’ವಾಯಿತು. ಟಕಾರ ಡಕಾರವಾಗಿ, ಣಕಾರ ಳಕಾರವಾಗಿ ಕೊನೆಗೆ ಮಳಖೇಡ ಉಳಿಯಿತು. ಅರಬ್ ಪ್ರವಾಸಿಗಳ ಕಿವಿಗೆ ಅದೇ ಹೆಸರು ‘ಮಾಂಕೀರ್’ ಎಂದು ಕೇಳಿಸಿತು. ಹತ್ತನೆಯ ಶತಮಾನದ ಅಲ್ ಮಸೂದಿ ಮಾಂಕೀರಿನ ದೊರೆ ‘ಬಲ್ಹರಾ’ನನ್ನು ಹಿಂದೂಸ್ಥಾನದ ದೊಡ್ಡ ಅರಸನೆಂದು ಬಣ್ಣಿಸಿದ್ದಾನೆ. ಬಲ್ಹರಾ ಎಂಬುದು ರಾಷ್ಟ್ರಕೂಟರ ಬಿರುದಾದ ‘ವಲ್ಲಭರಾಜ’ದ ಅರಬ್ಬೀ ಉಚ್ಚಾರ. ಒಂದೇ ಊರಿನ ಹೆಸರು ಸಂಸ್ಕೃತ, ಪ್ರಾಕೃತ, ಕನ್ನಡ, ಅರಬ್ಬೀ ನಾಲ್ಕೂ ಬಾಯಿಗಳಲ್ಲಿ ನಾಲ್ಕು ರೂಪ ತಾಳಿದ್ದನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಕಾಣಬಹುದು. ಕ್ರಿ.ಶ. 972ರಲ್ಲಿ ಪರಮಾರರ ಸೀಯಕ ಈ ಪಟ್ಟಣವನ್ನು ಲೂಟಿ ಮಾಡಿದ. ಮರುವರ್ಷವೇ ರಾಷ್ಟ್ರಕೂಟರ ಆಳ್ವಿಕೆ ಮುಗಿಯಿತು. ಅರಮನೆ ಹೋಯಿತು, ಸಿರಿ ಹೋಯಿತು. ಹೆಸರು ಮಾತ್ರ, ಸವೆದ ರೂಪದಲ್ಲಿ, ಇಂದಿಗೂ ಬಸ್ಸಿನ ಬೋರ್ಡಿನ ಮೇಲಿದೆ.

ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಗುರುತಿಸುವುದೂ ಸ್ಥಳನಾಮಗಳಿಂದಲೇ ಎಂಬುದು ಗಮನಾರ್ಹ. ಕಾವೇರಿ, ಗೋದಾವರಿಗಳ ನಡುವಿನ ನಾಡು ಕನ್ನಡ ನಾಡು. ಅದರಲ್ಲೂ ಕನ್ನಡದ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕರ ನಡುವೆ ಇದೆ ಎಂದು ಅದು ಹೇಳುತ್ತದೆ. ಈ ನಾಲ್ಕರಲ್ಲಿ ಕೊಪಣ ಕೊಪ್ಪಳವಾಗಿ, ಒಂಕುಂದ ಒಕ್ಕುಂದವಾಗಿ ಉಳಿದವು. ಕಿಸುವೊಳಲು ಪಟ್ಟದಕಲ್ಲೆಂದೂ ಪುಲಿಗೆರೆ ಲಕ್ಷ್ಮೇಶ್ವರವೆಂದೂ ಹೊಸ ಹೆಸರು ಪಡೆದವು. ಕಿಸು ಎಂದರೆ ಕೆಂಪು, ಪೊಳಲು ಎಂದರೆ ಪಟ್ಟಣ. ಕೆಂಪು ಕಲ್ಲಿನ ಬೆಟ್ಟಗಳ ಮಗ್ಗುಲಿನ ಊರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಆ ಹೆಸರು ಹೋದಾಗ ನೆಲದ ಬಣ್ಣದ ನೆನಪೂ ಹೋಯಿತು.

ಎರಡನೆಯ ಸಾಕ್ಷಿ ಚಿತ್ತಾಪುರದ ಸಮೀಪದ ನಾಗಾವಿ. ಇಂದು ಪಾಳುಬಿದ್ದ ಗುಡಿಗಳ ನಡುವಿನ ಈ ನೆಲೆ ಹನ್ನೊಂದನೆಯ ಶತಮಾನದಲ್ಲಿ ದೊಡ್ಡ ವಿದ್ಯಾಕೇಂದ್ರ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ದಂಡನಾಯಕ ಮಧುಸೂದನ ಇಲ್ಲಿಯ ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟ ಶಾಸನವಿದೆ. ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಜೊತೆಗೆ 6 ಮಂದಿ ‘ಸರಸ್ವತೀ ಭಂಡಾರಿಗ’ರು, ಅಂದರೆ ಗ್ರಂಥಪಾಲಕರು ಅಲ್ಲಿದ್ದರು. ಶಾಸನ ಊರನ್ನು ‘ನಾಗವಾವಿ’ ಎನ್ನುತ್ತದೆ. ವಾವಿ ಎಂದರೆ ಬಾವಿ. ಸಂಸ್ಕೃತದ ವಾಪಿಯೇ ಪ್ರಾಕೃತದ ವಾವಿ, ನಮ್ಮ ಬಾವಿ. ನಾಗರ ಬಾವಿಯ ಊರು ನಾಗಾವಿ.

ಶಾಸನ ಸಿಗದೆ ಹೋಗಿದ್ದರೆ ನಾವು ಏನು ಮಾಡುತ್ತಿದ್ದೆವು? ಬೆಳಗಾವಿಯನ್ನು ನೋಡಿ, ಅಲ್ಲಿಯ ‘ಗಾವಿ’ ಗ್ರಾಮದಿಂದ ಬಂದಂತೆ ಇಲ್ಲಿಯದೂ ಬಂದಿದೆ ಎಂದು ತೀರ್ಪು ಕೊಡುತ್ತಿದ್ದೆವು. ಬೆಳಗಾವಿಯ ಹಳೆಯ ರೂಪ ವೇಣುಗ್ರಾಮ, ಅಂದರೆ ಬಿದಿರಿನ ಊರು. ಅಲ್ಲಿ ಗಾವಿ ಗ್ರಾಮವೇ ಸರಿ. ನಾಗಾವಿಯಲ್ಲಿ ಅದು ಬಾವಿ. ಬಾಲ ಒಂದೇ ಬಗೆಯದು, ಪ್ರಾಣಿ ಬೇರೆ. ನಾಡಿನ ಸ್ಥಳನಾಮಗಳಲ್ಲಿ ಇಂಥ ಮೋಸಗಳು ಹೆಜ್ಜೆಗೊಂದು.

ಮೂರನೆಯದು ಸೇಡಂ. ಆರನೆಯ ವಿಕ್ರಮಾದಿತ್ಯನ ಕಾಲದ ಶಾಸನಗಳಲ್ಲಿ ಇದು ‘ಸೇಡಿಂಬ’, ಮುನ್ನೂರು ಮಹಾಜನರಿದ್ದ ಅಗ್ರಹಾರ. ಬಸದಿಗಳೂ ಇದ್ದವು. ಇಲ್ಲಿಯ ಜೈನ ಶಾಸನಗಳನ್ನು ಶೋಧಿಸಿ ಅಭ್ಯಸಿಸಿದವರಲ್ಲಿ ಪಿ.ಬಿ. ದೇಸಾಯಿಯವರು ಪ್ರಮುಖರು. ಸೇಡಿಂಬದ ಕೊನೆಯ ಬಕಾರ ಬಿದ್ದುಹೋಗಿ ಸೇಡಂ ಆಯಿತು. ಈ ಸಣ್ಣ ಹೆಸರಿಗೆ ಇನ್ನೊಂದು ಗಂಡಾಂತರ ಕಾದಿತ್ತು. ಅದನ್ನು ಮುಂದೆ ನೋಡೋಣ.

ಇನ್ನೊಂದು ದಿಕ್ಕಿನಲ್ಲಿ, ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು 1989ರಲ್ಲಿ ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೂ, ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪವೂ ಸಿಕ್ಕವು. ಆ ಸ್ತೂಪಕ್ಕೆ ಅದರ ಕಾಲದಲ್ಲಿ ‘ಅಧೋಲೋಕ ಮಹಾಚೇತಿಯ’ ಎಂಬ ಭವ್ಯ ಹೆಸರಿತ್ತು ಎಂದು ಅಲ್ಲಿಯ ಪ್ರಾಕೃತ ಬರಹಗಳು ತಿಳಿಸುತ್ತವೆ. ನೆಲದಡಿ ಸ್ತೂಪ ಹೂತಾಗ ಹೆಸರೂ ಹೂತುಹೋಯಿತು. ಮೇಲೆ ಉಳುಮೆ ಮಾಡಿದವರಿಗೆ ಅದು ಬರೀ ಹಳ್ಳಿ. ಮಳಖೇಡದಲ್ಲಿ ಕಟ್ಟಡ ಹೋಗಿ ಹೆಸರು ಉಳಿಯಿತು. ಇಲ್ಲಿ ಹೆಸರು ಹೋಗಿ ಕಟ್ಟಡ ಉಳಿಯಿತು. ಹೆಸರು ಉಳಿಯಬೇಕಾದರೆ ಅದನ್ನು ದಿನವೂ ಕರೆಯುವ ಜನ ಇರಬೇಕು ಎಂಬುದೇ ಇದರ ತಾತ್ಪರ್ಯ.

ಹುಣಸೆಮರ ಒಂದು, ಹೆಸರು ಮೂರು

ಊರಿಗೆ ಹೆಸರು ಕೊಡುವಲ್ಲಿ ಅರಸರಿಗಿಂತ ಮರಗಳ ಕೈ ದೊಡ್ಡದು. ಚಿಂಚೋಳಿಯನ್ನು ನೋಡಿ. ಮರಾಠಿಯಲ್ಲಿ ಚಿಂಚ ಎಂದರೆ ಹುಣಸೆ. ಮಹಾರಾಷ್ಟ್ರದ ತುಂಬ ಚಿಂಚೋಲಿ, ಚಿಂಚವಲಿ ಎಂಬ ಊರುಗಳಿವೆ. ಎರಡನೆಯ ರೂಪವನ್ನು ನೋಡಿದರೆ ‘ಓಳಿ’ ಎಂಬುದು ‘ವಳ್ಳಿ’ಯ, ಅಂದರೆ ‘ಪಳ್ಳಿ’ಯ, ಮುದುಡಿದ ರೂಪ ಎಂಬುದು ತಿಳಿಯುತ್ತದೆ. ಚಿಂಚೋಳಿ ಎಂದರೆ ಹುಣಸೆಹಳ್ಳಿ. ಕನ್ನಡದ ಮಾತಿನಲ್ಲಿ ಇದೇ ಮರ ಹುಣಸಗಿಗೂ ಹುಣಸೂರಿಗೂ ಹೆಸರು ಕೊಟ್ಟಿದೆ. ತೆಲುಗಿನಲ್ಲಿ ಹುಣಸೆಗೆ ಚಿಂತ. ಆಂಧ್ರ, ತೆಲಂಗಾಣಗಳಲ್ಲಿ ಚಿಂತಪಲ್ಲಿ, ಚಿಂತಕುಂಟಗಳಿಗೆ ಲೆಕ್ಕವಿಲ್ಲ. ಮೂರು ಭಾಷೆಯ ಜನರೂ ದಾರಿಯ ಬದಿಯ ಅದೇ ನೆರಳಿನಲ್ಲಿ ಕುಳಿತು ಊರು ಕಟ್ಟಿದರು.

ಪಳ್ಳಿ ಎಂಬ ಮಾತನ್ನು ಇಲ್ಲಿ ಇನ್ನಷ್ಟು ಗಮನಿಸಬೇಕು. ಹಳಗನ್ನಡದ ಪಕಾರ ಸುಮಾರು ಹತ್ತನೆಯ ಶತಮಾನದ ಈಚೆಗೆ ಹಕಾರವಾಗತೊಡಗಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ತೆಲುಗಿನಲ್ಲಿ ಈ ಬದಲಾವಣೆ ಆಗಲಿಲ್ಲ. ಆದ್ದರಿಂದ ಚಿತ್ತಾಪುರದ ಕಡೆ ಕನಗನಹಳ್ಳಿ ಎನ್ನುವ ಬಾಯಿಯೇ ಚಿಂಚೋಳಿಯ ಕಡೆಗೆ ಹೋದಾಗ ಚಂದ್ರಂಪಳ್ಳಿ ಎನ್ನುತ್ತದೆ. ಕುಂಚಾವರಂ ತಲುಪುವ ಹೊತ್ತಿಗೆ ‘ವರಂ’ ಎಂಬ ತೆಲುಗಿನ ಬಾಲವೇ ಬಂದಿರುತ್ತದೆ. ಸೇಡಂ ದಾಟಿದರೆ ಕುರಕುಂಟಾ. ಭಾಷೆಗಳ ಗಡಿ ನಕ್ಷೆಯ ಮೇಲಿನ ಗೆರೆಯಂತೆ ತಟ್ಟನೆ ಬರುವುದಿಲ್ಲ. ಬೆಳಕು ಕತ್ತಲೆಗೆ ತಿರುಗುವಂತೆ ನಿಧಾನವಾಗಿ ಬರುತ್ತದೆ ಎಂಬುದನ್ನು ಊರ ಹೆಸರುಗಳಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್ ಮೊದಲಾದ ಹೆಸರುಗಳ ಬಾಲ ರೋಮನರ ದಂಡಿನ ಪಾಳೆಯಕ್ಕಿದ್ದ ಲ್ಯಾಟಿನ್ ಮಾತಿನಿಂದ ಬಂದದ್ದು. ಡರ್ಬಿ, ವಿಟ್‌ಬಿಗಳ ‘ಬಿ’ ಡೇನರು ತಂದ ಮಾತು. ಅವರ ಭಾಷೆಯಲ್ಲಿ ಅದಕ್ಕೆ ಊರು ಎಂದೇ ಅರ್ಥ. ಆಳಿದವರು ಹೋದರೂ ಅವರಿಟ್ಟ ಹೆಸರುಗಳು ಅಲ್ಲಿಯೂ ಉಳಿದಿವೆ.

ಆಬಾದ್, ವಾಡಿ ಮತ್ತು ಗುಮಾಸ್ತರ ಲೇಖನಿ

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಕಲಬುರಗಿ ರಾಜಧಾನಿಯಾಯಿತು. ಸುಲ್ತಾನರು ಅದಕ್ಕೆ ಅಹಸನಾಬಾದ್ ಎಂದು ಹೆಸರಿಟ್ಟರು. ಮುಂದೆ ಫಿರೋಜ್ ಶಹಾ ಭೀಮಾ ತೀರದಲ್ಲಿ ಫಿರೋಜಾಬಾದನ್ನು ಕಟ್ಟಿಸಿದ. ಪಾರಸಿಯಲ್ಲಿ ಆಬಾದ್ ಎಂದರೆ ಜನವಸತಿಯುಳ್ಳದ್ದು, ಸಾಗುವಳಿಯಾದದ್ದು. ಶಹಾಬಾದ್ ಎಂದರೆ ಶಹಾನ, ಅಂದರೆ ದೊರೆಯ, ವಸತಿ. ಅರಮನೆ ಇಟ್ಟ ಹೆಸರು ಉಳಿಯುವುದು ಅರಮನೆಯ ಕೈಯಲ್ಲಿಲ್ಲ ಎಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. ಅಹಸನಾಬಾದ್ ನಾಣ್ಯಗಳ ಮೇಲೆ, ಬರಹಗಳಲ್ಲಿ ಉಳಿಯಿತು. ಜನ ಕಲಬುರಗಿ ಎನ್ನುವುದನ್ನು ಬಿಡಲಿಲ್ಲ. ಶಹಾಬಾದ್ ಹೆಸರನ್ನು ಮಾತ್ರ ಜನ ತಮ್ಮದಾಗಿ ಮಾಡಿಕೊಂಡರು.

ನಂತರದ ಕಾಲದಲ್ಲಿ ಹೆಸರು ಇಟ್ಟದ್ದಕ್ಕಿಂತ ಹೆಸರು ಬರೆದದ್ದೇ ದೊಡ್ಡ ಬದಲಾವಣೆ ತಂದಿತು. ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಪಾರಸಿಯ ಬದಲು ಉರ್ದು ಆಡಳಿತ ಭಾಷೆಯಾದದ್ದು 1884ರಲ್ಲಿ. ಉರ್ದು ಲಿಪಿಯಲ್ಲಿ ಕನ್ನಡದ ಳಕಾರಕ್ಕೂ ಣಕಾರಕ್ಕೂ ಬೇರೆ ಅಕ್ಷರವಿಲ್ಲ. ಮಳಖೇಡ ಮಲಖೇಡವಾಯಿತು, ಚಿಂಚೋಳಿ ಚಿಂಚೋಲಿಯಾಯಿತು. ನಮ್ಮ ಡಕಾರವನ್ನು ಪದದ ನಡುವೆ ಉರ್ದುವಿನ ಒತ್ತುವ ರಕಾರದಿಂದ ಬರೆದರು. ಅದನ್ನು ಇಂಗ್ಲಿಷಿಗೆ ಇಳಿಸುವಾಗ ಅದು ಬರಿಯ ರಕಾರವಾಯಿತು. ಸೇಡಂ ರೈಲು ನಿಲ್ದಾಣ ‘ಸೇರಂ’ ಆದದ್ದು ಹೀಗೆ. ಸೇಡಿಂಬಕ್ಕೆ ಬಂದ ಗಂಡಾಂತರ ಎಂದೆವಲ್ಲ, ಅದು ಇದೇ. ‘ಪುರ’ ಎಂಬುದು ಉರ್ದುವಿನಲ್ಲಿ ದೀರ್ಘವಾಗಿ ‘ಪೂರ್’. ಈ ಭಾಗದ ಕಾಗದಪತ್ರಗಳಲ್ಲಿ ಚಿತ್ತಾಪುರ ಚಿತ್ತಾಪೂರವಾಗಿ ಕಾಣುವುದರಲ್ಲಿ ಆ ಲೇಖನಿಯ ನೆರಳೂ ಇದೆ. ಹೀಗೆ ಪುರ ಹೋಗಿ ಪೂರವಾದಾಗ ಊರು ಯಾವುದು, ಪುರ ಯಾವುದು ಎಂದು ಬೇರ್ಪಡಿಸುವುದೂ ಕಷ್ಟವಾಗುತ್ತದೆ.

ರೈಲು ಬಂದದ್ದು ಇನ್ನೊಂದು ಕಥೆ. ಮುಂಬೈಯಿಂದ ಬಂದ ಹಳಿ 1871ರಲ್ಲಿ ರಾಯಚೂರು ಮುಟ್ಟಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ 1874ರಲ್ಲಿ ತೆರೆಯಿತು. ವಾಡಿ ಎಂದರೆ ಕೆಲವೇ ಮನೆಗಳ ಸಣ್ಣ ವಸತಿ. ಎರಡು ಹಳಿಗಳು ಕೂಡಿದ್ದರಿಂದ ಆ ಸಣ್ಣ ಮಾತು ದೇಶದ ರೈಲು ನಕ್ಷೆಯಲ್ಲಿ ದೊಡ್ಡ ಹೆಸರಾಯಿತು. ಒಂದು ಕಾಲಕ್ಕೆ ಅರಬ್ಬರಿಗೂ ಗೊತ್ತಿದ್ದ ರಾಜಧಾನಿಗೆ ‘ಮಳಖೇಡ ರೋಡ್’ ಎಂಬ ನಿಲ್ದಾಣ ಸಿಕ್ಕಿತು. ಅಂದರೆ ಮಳಖೇಡಕ್ಕೆ ಹೋಗುವವರು ಇಲ್ಲಿ ಇಳಿದು ಮುಂದೆ ಹೋಗಿ ಎಂದು ಅರ್ಥ. ರಾಜಧಾನಿ ರೋಡ್ ಆಯಿತು, ವಾಡಿ ಜಂಕ್ಷನ್ ಆಯಿತು.

ಇಲ್ಲಿಯ ಹೆಸರುಗಳು ಹೊರಗೂ ಹೋದವು. ಈ ನೆಲದ ಸುಣ್ಣಕಲ್ಲಿನ ಚಪ್ಪಡಿ ‘ಶಹಾಬಾದ್ ಫರ್ಸಿ’ ಎಂದು ಮಹಾರಾಷ್ಟ್ರ, ತೆಲಂಗಾಣಗಳ ಮನೆಮನೆಯ ನೆಲವಾಯಿತು. ಅದನ್ನು ತುಳಿಯುವ ಅನೇಕರಿಗೆ ಶಹಾಬಾದ್ ಒಂದು ಊರು ಎಂಬುದೇ ಗೊತ್ತಿಲ್ಲ. ಭೂವಿಜ್ಞಾನಿಗಳು ಭೀಮಾ ಕೊಳ್ಳದ ಶಿಲಾಸ್ತರಗಳಿಗೆ ಶಹಾಬಾದ್, ರಬ್ಬನಪಳ್ಳಿ, ಕಟಮದೇವರಹಳ್ಳಿ ಎಂದು ಇಲ್ಲಿಯ ಊರುಗಳ ಹೆಸರನ್ನೇ ಇಟ್ಟರು. ಕೋಟ್ಯಂತರ ವರ್ಷಗಳ ಹಿಂದಿನ ಕಲ್ಲಿಗೆ ನಿನ್ನೆ ಮೊನ್ನೆಯ ಹಳ್ಳಿಯ ಹೆಸರು!

ಮರುನಾಮಕರಣದ ನ್ಯಾಯ

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಬರಹ ಬದಲಾದಾಗ ಗುಲ್ಬರ್ಗಾ ಕಲಬುರಗಿಯಾಯಿತು. ಪಾರಸಿಯ ಗುಲ್ ಎಂದರೆ ಹೂವು, ಬರ್ಗ್ ಎಂದರೆ ಎಲೆ, ಅದರಿಂದ ಗುಲ್ಬರ್ಗಾ ಎಂಬ ವಿವರಣೆ ಬಹುಕಾಲ ಪ್ರಚಾರದಲ್ಲಿತ್ತು. ಆದರೆ ಬಹಮನಿಗಳಿಗಿಂತ ಹಿಂದಿನ ಶಾಸನಗಳಲ್ಲೇ ಕಲಂಬುರಗೆಯಂಥ ರೂಪಗಳು ಸಿಗುತ್ತವೆ. ಕಲಬುರಗಿ ಎಂಬುದು ಪಾರಸಿ ಬಾಯಲ್ಲಿ ಗುಲ್ಬರ್ಗಾ ಆಯಿತೇ ಹೊರತು ಗುಲ್ಬರ್ಗಾ ಕಲಬುರಗಿ ಆದದ್ದಲ್ಲ. ಕೊನೆಯ ಎಕಾರ ಇಕಾರವಾದದ್ದು, ಮನೆ ಮನಿಯಾಗುವ ಉತ್ತರದ ನುಡಿಯ ಸಹಜ ಗುಣ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟಾಗಲೂ ಚಾಲುಕ್ಯರ, ಶರಣರ ಕಲ್ಯಾಣದ ನೆನಪು ಹಿಂದೆ ಇತ್ತು.

ಕಲಬುರಗಿಯ ಮಾತು ನ್ಯಾಯವಾಗಿತ್ತು. ಏಕೆಂದರೆ ಎರಡು ಸಾಕ್ಷಿಗಳು ಒಂದಾಗಿದ್ದವು: ಹಳೆಯ ಶಾಸನ ಮತ್ತು ಇಂದಿನ ಜನರ ನಾಲಿಗೆ. ಇವೆರಡೂ ಇಲ್ಲದೆ, ಬರೀ ಅಭಿಮಾನದಿಂದ ಅಥವಾ ಅಸಹನೆಯಿಂದ ಹೆಸರು ಬದಲಿಸಹೊರಟರೆ ಆಗುವುದು ಚರಿತ್ರೆಯ ಉದ್ಧಾರವಲ್ಲ, ನಾಶ. ಶಹಾಬಾದ್ ಎಂಬ ಹೆಸರಿನಲ್ಲಿ ಸುಲ್ತಾನರ ಕಾಲದ ಚರಿತ್ರೆಯಿದೆ, ವಾಡಿಯಲ್ಲಿ ನೆರೆಯವರ ನುಡಿಯಿದೆ, ಭಂಕೂರದಲ್ಲಿ ಉಳುವವರ ಊರಿದೆ. ಒಂದನ್ನು ಅಳಿಸಿದರೆ ಮಿಕ್ಕವಕ್ಕೂ ಅರ್ಥ ಕಡಿಮೆಯಾಗುತ್ತದೆ.

ದೊಡ್ಡ ಊರುಗಳ ಹೆಸರಿಗೆ ವಾದಿಸಲು ಜನರಿದ್ದಾರೆ. ನಿಜವಾದ ಅಪಾಯ ಇರುವುದು ಸಣ್ಣ ಹೆಸರುಗಳಿಗೆ. ಒಂದು ಗ್ರಾಮದ ಸೀಮೆಯೊಳಗೆ ಹೊಲಕ್ಕೆ, ಹಳ್ಳಕ್ಕೆ, ದಿನ್ನೆಗೆ, ಬಾವಿಗೆ, ಗಿಡಕ್ಕೆ ಒಂದೊಂದು ಹೆಸರಿರುತ್ತದೆ. ಬನ್ನಿಗಿಡದ ಹೊಲ, ಮಠದ ಹೊಲ, ಹಾಳಬಾವಿ, ಕೆಂಪುಮಡ್ಡಿ ಎಂಬಂಥವು. ಇವು ಯಾವ ಶಾಸನದಲ್ಲೂ ಇಲ್ಲ, ಯಾವ ನಕ್ಷೆಯಲ್ಲೂ ಇಲ್ಲ. ಪಹಣಿಯಲ್ಲಿ ಇರುವುದು ಸರ್ವೆ ನಂಬರು ಮಾತ್ರ. ಉಳುವವರು ಇರುವತನಕ ಹೆಸರು ಇರುತ್ತದೆ. ಈ ಸೀಮೆಯಲ್ಲಿ ಕಲ್ಲಿನ ಗಣಿಗೂ ಸಿಮೆಂಟ್ ಕಾರ್ಖಾನೆಗೂ ಹೊಲಗಳು ಹೋದಂತೆಲ್ಲ ದಿನ್ನೆ ತಗ್ಗಾಗುತ್ತದೆ, ಬಾವಿ ಮುಚ್ಚುತ್ತದೆ, ಕರೆಯುವವರು ಬೇರೆ ಕಡೆ ಹೋಗುತ್ತಾರೆ. ಗಣಿಯ ಗುಂಡಿಗೆ ಯಾರೂ ಬನ್ನಿಗಿಡದ ಹೊಲ ಎನ್ನುವುದಿಲ್ಲ. ಉದ್ಯೋಗ ಬೇಡ, ಸಿಮೆಂಟ್ ಬೇಡ ಎಂದು ಹೇಳುವ ಮಾತಲ್ಲ ಇದು. ನೆಲ ಹೋಗುವ ಮುನ್ನ ಅದರ ಹೆಸರನ್ನಾದರೂ ಬರೆದಿಡಬೇಕು ಎಂಬ ಮಾತು.

ಕಂದಾಯದ ಹಳೆಯ ಕಾಗದಗಳಲ್ಲಿ ಒಂದು ಪದ ಬರುತ್ತದೆ: ಬೇಚಿರಾಗ್. ಜನರ ಬಾಯಲ್ಲಿ ಅದು ಬೇಚರಾಕ್. ಜನರೆಲ್ಲ ಬಿಟ್ಟುಹೋದ ಹಾಳೂರಿಗೆ ಇಟ್ಟ ಹೆಸರು. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ಬೇಚಿರಾಗ್ ಎಂದರೆ ದೀಪ ಹಚ್ಚುವವರಿಲ್ಲದ್ದು. ಮನೆಗಳು ಬಿದ್ದು ಹೋಗಿದ್ದರೂ ದಫ್ತರಿನಲ್ಲಿ ಆ ಹಳ್ಳಿಯ ಹೆಸರು ಇರುತ್ತದೆ. ಬರಗಾಲವೋ, ರೋಗವೋ, ದಂಡಿನ ದಾಳಿಯೋ, ಯಾವುದರಿಂದಲೋ ಖಾಲಿಯಾದ ಊರಿನ ಬಗ್ಗೆ ಉಳಿದ ಏಕೈಕ ಸಂಗತಿ ಅದರ ಹೆಸರು. ಅದನ್ನು ಅಂದು ಬರೆದಿಟ್ಟ ಶಾನುಭೋಗ ಅಥವಾ ಪಟವಾರಿ ತಾನು ಚರಿತ್ರೆ ಬರೆಯುತ್ತಿದ್ದೇನೆಂದು ತಿಳಿದಿರಲಿಲ್ಲ.

ಆ ಕೆಲಸವನ್ನು ಇಂದು ಊರಿನ ಶಾಲೆಯ ಮಕ್ಕಳೂ ಮಾಡಬಲ್ಲರು. ಒಂದು ವಹಿ, ಒಂದು ಪೆನ್ನು, ಮಾತಾಡಲು ಇಷ್ಟಪಡುವ ಇಬ್ಬರು ಮುದುಕರು ಇದ್ದರೆ ಸಾಕು. ಎರಡೇ ನಿಯಮ: ಹೆಸರನ್ನು ಅವರು ಅಂದ ಹಾಗೆಯೇ ಬರೆಯಬೇಕು, ‘ಶುದ್ಧ’ ಮಾಡಬಾರದು. ಅರ್ಥ ಹೇಳಿದರೆ ಅದನ್ನು ಬೇರೆಯಾಗಿ, ಅವರ ಮಾತೆಂದೇ ಬರೆದಿಡಬೇಕು. ಊಹೆ ಮಾಡುವ ಅವಸರ ಬೇಡ. ಎಂದಾದರೊಂದು ದಿನ ಕಾಗಿಣಾ ತೀರದ ಯಾವುದೋ ಗುಡಿಯ ಕಟ್ಟೆಯ ಕಲ್ಲು ಮಗುಚಿದಾಗ, ಸನ್ನತಿಯಲ್ಲಿ ಆದಂತೆ, ಅದರ ಮೇಲೆ ನಾಲ್ಕು ಅಕ್ಷರ ಕಾಣಬಹುದು. ಆಗ ಆ ಅಕ್ಷರಗಳನ್ನು ಹೋಲಿಸಿ ನೋಡಲು ಜನರ ಬಾಯಿಯ ಹೆಸರು ಬರವಣಿಗೆಯಲ್ಲಿ ಇರಬೇಕು.